ಗ್ಲಾಕೋಮಾ ಆಪರೇಷನ್: ಔಷಧಿ ಸ್ಪಾಂಜಿನಲ್ಲೋ, ಸೂಜಿಯಲ್ಲೋ?

ಕಣ್ಣೊಳಗಿನ ಒತ್ತಡ ಏರಿ ನರ ಸಾಯುವ ಗ್ಲಾಕೋಮಾ ಕಾಯಿಲೆಗೆ ಮಾಡುವ ಆಪರೇಷನ್‌ನಲ್ಲಿ ಗಾಯ ಪೂರ್ತಿ ಮಾಯ್ದುಬಿಟ್ಟರೆ ಆಪರೇಷನ್ ಸೋತಂತೆ. ಈ ಮಾತು ಹೇಳಿದ ಕೂಡಲೇ ರೋಗಿಯ ಮನೆಯವರು ನನ್ನ ಮುಖ ನೋಡುತ್ತಾರೆ. ಹೊಟ್ಟೆಯದ್ದೋ ಕಾಲಿನದ್ದೋ ಆಪರೇಷನ್ ಆದರೆ ಗಾಯ ಬೇಗ ಮಾಯಲಿ ಅಂತ ಎಲ್ಲರೂ ಬಯಸುತ್ತಾರೆ. ಇಲ್ಲಿ ಮಾತ್ರ ಕಣ್ಣೊಳಗಿನ ನೀರು ಹೊರಗೆ ಹೋಗಲಿ ಅಂತ ಮಾಡಿದ ಒಂದು ಚಿಕ್ಕ ದಾರಿ ಮಾಯ್ದು ಮುಚ್ಚಬಾರದು ಅಂತ, ಕ್ಯಾನ್ಸರ್‌ಗೆ ಬಳಸುವ ಔಷಧಿಯನ್ನೇ ಒಂದಿಷ್ಟು ಕಣ್ಣಿಗೆ ಹಾಕುತ್ತಾರೆ. ಹಾಕುವ ರೀತಿ ಮುಖ್ಯವಾಗಿ ಎರಡು. ಸ್ಪಾಂಜಿನ ತುಂಡುಗಳನ್ನು ಔಷಧಿಯಲ್ಲಿ ನೆನೆಸಿ ಕಣ್ಣಿನ ಪದರದ ಕೆಳಗೆ ಇಡುವುದು ಒಂದು, ಸೂಜಿಯಲ್ಲಿ ಚುಚ್ಚಿ ಬಿಡುವುದು ಇನ್ನೊಂದು. ಇವುಗಳ ಬಗ್ಗೆ ನಮ್ಮ ಕಡೆ ಈಗ ಜಾಸ್ತಿ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕಲಬುರಗಿಯಲ್ಲಿ ಕಣ್ಣಿನ ಆಪರೇಷನ್ ಥಿಯೇಟರ್‌ನಲ್ಲಿ ನರ್ಸ್. ಔಷಧಿ ಕಲಸುವುದು, ಸ್ಪಾಂಜ್ ಎಣಿಸುವುದು, ಗಡಿಯಾರ ನೋಡಿ ಸಮಯ ಹೇಳುವುದು ನನ್ನ ಕೆಲಸ. ಆಪರೇಷನ್ ಮಾಡುವುದು ಡಾಕ್ಟರು. ಆದರೆ ಪಕ್ಕದ ಪರದೆಯಲ್ಲಿ ಎರಡೂ ರೀತಿಯನ್ನು ವರ್ಷಗಟ್ಟಲೆ ನೋಡುತ್ತಾ ಬಂದಿದ್ದೇನೆ. ಅದೇ ಜನ ತಿಂಗಳು, ವರ್ಷ ಬಿಟ್ಟು ತಪಾಸಣೆಗೆ ಬಂದಾಗಲೂ ನೋಡುತ್ತೇನೆ.

ಇತ್ತೀಚೆಗೆ ಜೇವರ್ಗಿ ಕಡೆಯಿಂದ ಒಬ್ಬ ಹುಡುಗ ತನ್ನ ಮುತ್ಯಾನನ್ನು ಕರೆದುಕೊಂಡು ಬಂದಿದ್ದ. “ಸಿಸ್ಟರ್ರೀ, ನಮ್ಮ ಮುತ್ಯಾಗ ಔಷಧಿ ಸೂಜೀಲೇ ಹಾಕಸ್ರಿ. ದೊಡ್ಡ ಊರಾಗ ಹಂಗೇ ಮಾಡ್ತಾರಂತ, ಸ್ಪಾಂಜ್ ಹಳೇದಂತ” ಅಂದ. ಎಲ್ಲೋ ಮೊಬೈಲ್‌ನಲ್ಲಿ ವಿಡಿಯೊ ನೋಡಿದ್ದನಂತೆ. ಮುತ್ಯಾಗೆ ಮೂರು ಬಗೆಯ ಡ್ರಾಪ್ಸ್ ಹಾಕಿದರೂ ಕಣ್ಣಿನ ಪ್ರೆಷರ್ 30ರ ಮೇಲಿತ್ತು, ಅದು ಬಹಳ ಜಾಸ್ತಿ. ಒಂದು ಕಣ್ಣು ಆಗಲೇ ಪೂರ್ತಿ ಹೋಗಿತ್ತು. ಅಂಥದ್ದರಲ್ಲಿ “ಇನ್ನೊಂದ್ ಕಡಿ ವಿಚಾರ ಮಾಡ್ಕೊಂಡ್ ಬರ್ತೀವಿ” ಅಂತ ಹೊರಟರು. ನನಗೆ ಸಂಕಟವಾಯಿತು. ಔಷಧಿ ಸೂಜಿಯಲ್ಲಿ ಹೋಯಿತೋ ಸ್ಪಾಂಜಿನಲ್ಲಿ ಹೋಯಿತೋ ಅನ್ನುವುದಕ್ಕಾಗಿ ಆಪರೇಷನ್ ಮುಂದೂಡಬೇಡಿ ಅಂತ ಅವತ್ತು ಅವರಿಗೆ ಹೇಳಿದೆ, ಈಗ ಇಲ್ಲೂ ಹೇಳುತ್ತಿದ್ದೇನೆ. ಯಾಕೆ ಅನ್ನುವುದನ್ನು ಬಿಡಿಸಿ ಹೇಳಬೇಕಲ್ವಾ.

ಮೊದಲು ಆಪರೇಷನ್ ಏನು ಅಂತ ನೋಡೋಣ. ಕಣ್ಣಿನೊಳಗೆ ನಿಮಿಷಕ್ಕೆ ಸುಮಾರು 2.5 ಮೈಕ್ರೊಲೀಟರ್ ತಿಳಿನೀರು ಹುಟ್ಟುತ್ತಲೇ ಇರುತ್ತದೆ, ಹುಟ್ಟಿದಷ್ಟೇ ಹೊರಗೆ ಹೋಗುತ್ತಲೂ ಇರಬೇಕು. ಹೋಗುವ ದಾರಿ ಕಟ್ಟಿಕೊಂಡರೆ ಒಳಗೆ ಒತ್ತಡ ಏರುತ್ತದೆ, ಹಿಂದಿರುವ ನರ ನಿಧಾನವಾಗಿ ಸಾಯುತ್ತದೆ. ಗ್ಲಾಕೋಮಾ ಅಂದರೆ ಇದೇ, ನಮ್ಮ ಕಡೆ ಹಿರಿಯರು ಕಾಚಬಿಂದು ಅನ್ನುವುದೂ ಇದಕ್ಕೇ. ಮೋತಿಬಿಂದು, ಅಂದರೆ ಕಣ್ಣಿನ ಪೊರೆ, ಬೇರೆ. ಮೋತಿಬಿಂದು ತೆಗೆದರೆ ಕಣ್ಣು ಮತ್ತೆ ಕಾಣುತ್ತದೆ, ಕಾಚಬಿಂದುವಿನಲ್ಲಿ ಹೋದ ದೃಷ್ಟಿ ವಾಪಸ್ ಬರುವುದಿಲ್ಲ. ಉಳಿದಿರುವುದನ್ನು ಉಳಿಸಿಕೊಳ್ಳಲು ಮಾತ್ರ ಈ ಆಪರೇಷನ್. ಇದೊಂದು ಮಾತನ್ನು ನಾನು ಪ್ರತಿಯೊಬ್ಬರಿಗೂ ಎರಡೆರಡು ಸಲ ಹೇಳುತ್ತೇನೆ, ಯಾಕಂದರೆ ಆಪರೇಷನ್ ಆದ ಮೇಲೆ “ಮೊದಲಿನಂಗೇ ಅದ, ಏನ್ ಉಪಯೋಗ ಆತು” ಅಂತ ಬೇಜಾರಾಗಿ ತಪಾಸಣೆಗೆ ಬರುವುದನ್ನೇ ಬಿಟ್ಟವರಿದ್ದಾರೆ.

ಡ್ರಾಪ್ಸ್, ಲೇಸರ್ ಸಾಕಾಗದಿದ್ದಾಗ ಟ್ರಾಬೆಕ್ಯುಲೆಕ್ಟಮಿ ಮಾಡುತ್ತಾರೆ. ಇವತ್ತು ಮಾಡುವ ರೀತಿಯನ್ನು 1968ರಲ್ಲಿ ಇಂಗ್ಲೆಂಡಿನ ಕೇರ್ನ್ಸ್ ಅನ್ನುವ ಡಾಕ್ಟರು ವಿವರಿಸಿದರು. ಮೇಲಿನ ರೆಪ್ಪೆಯ ಕೆಳಗೆ, ಬಿಳಿಗುಡ್ಡೆಯಲ್ಲಿ ಅರ್ಧ ದಪ್ಪದ ಒಂದು ಸಣ್ಣ ಮುಚ್ಚಳ ಬಿಡಿಸಿ, ಅದರಡಿ ಕಿಂಡಿ ಮಾಡಿ, ಮುಚ್ಚಳವನ್ನು ಕೂದಲಿಗಿಂತ ತೆಳುವಾದ ನೈಲಾನ್ ದಾರದಿಂದ ಹೊಲಿಯುತ್ತಾರೆ. ನೀರು ಮುಚ್ಚಳದ ಅಂಚಿನಿಂದ ಮೆಲ್ಲಗೆ ಬಸಿದು ಮೇಲಿನ ತೆಳು ಪದರದ ಕೆಳಗೆ ಸೇರುತ್ತದೆ. ಆ ಪದರಕ್ಕೆ ಕಂಜಂಕ್ಟೈವಾ ಅನ್ನುತ್ತಾರೆ. ಅಲ್ಲಿ ನೀರು ನಿಂತು ಸ್ವಲ್ಪ ಉಬ್ಬಿದ ಜಾಗಕ್ಕೆ ಬ್ಲೆಬ್ ಅಂತ ಹೆಸರು. ಬ್ಲೆಬ್ ಬದುಕಿದ್ದರೆ ಆಪರೇಷನ್ ಬದುಕಿದೆ ಅಂತ ಅರ್ಥ.

ದೇಹಕ್ಕೆ ಇದೆಲ್ಲ ಗೊತ್ತಿಲ್ಲ. ಅದಕ್ಕೆ ಅದು ಒಂದು ಗಾಯ ಅಷ್ಟೆ. ಫೈಬ್ರೊಬ್ಲಾಸ್ಟ್ ಅನ್ನುವ ಜೀವಕೋಶಗಳು ಓಡಿ ಬಂದು ನಾರು ನೇಯಲು ಶುರು ಮಾಡುತ್ತವೆ. ನಮ್ಮ ಕರಿ ಮಣ್ಣಿನ ಹೊಲದಲ್ಲಿ ನೀರು ಹೋಗಲಿ ಅಂತ ತೆಗೆದ ಕಾಲುವೆ ಎರಡು ಮಳೆಗೆ ಹೂಳು ತುಂಬಿ ಸಮ ಆಗುತ್ತದಲ್ಲ, ಹಾಗೆ ಈ ದಾರಿಯೂ ಕಟ್ಟಿಕೊಳ್ಳುತ್ತದೆ. ಟ್ರಾಬೆಕ್ಯುಲೆಕ್ಟಮಿ ಸೋಲುವುದಕ್ಕೆ ದೊಡ್ಡ ಕಾರಣ ಇದೇ. ಎಲ್ಲರಿಗೂ ಒಂದೇ ಥರ ಆಗುವುದಿಲ್ಲ. ವಯಸ್ಸು ಚಿಕ್ಕದಿದ್ದರೆ ನಾರು ಜೋರಾಗಿ ಬೆಳೆಯುತ್ತದೆ. ಮೊದಲು ಕಣ್ಣಿಗೆ ಆಪರೇಷನ್ ಆಗಿದ್ದರೆ, ಕಣ್ಣೊಳಗೆ ಉರಿಯೂತ ಇದ್ದರೆ ಅಪಾಯ ಇನ್ನೂ ಜಾಸ್ತಿ. ವರ್ಷಗಟ್ಟಲೆ ಡ್ರಾಪ್ಸ್ ಹಾಕಿಕೊಂಡವರ ಕಣ್ಣಿನ ಪದರ ಮೊದಲೇ ಕೆಂಪಾಗಿ ಕೆರಳಿರುತ್ತದೆ, ಅವರಿಗೂ ಹಾಗೇ. ನಮ್ಮ ಕಡೆ ಜನ ಆಪರೇಷನ್‌ಗೆ ಬರುವ ಹೊತ್ತಿಗೆ ಇವುಗಳಲ್ಲಿ ಒಂದೋ ಎರಡೋ ಇದ್ದೇ ಇರುತ್ತವೆ.

ಈ ನಾರನ್ನು ತಡೆಯಲು ಎರಡು ಔಷಧಿ ಬಳಕೆಯಲ್ಲಿವೆ. ಒಂದು 5-ಫ್ಲೋರೊಯುರಾಸಿಲ್, ಇನ್ನೊಂದು ಮೈಟೊಮೈಸಿನ್-ಸಿ. ಫ್ಲೋರೊಯುರಾಸಿಲ್‌ನ ಕಥೆ ಕೇಳಿದರೆ ಆಗಿನ ರೋಗಿಗಳ ತಾಳ್ಮೆಗೆ ಕೈ ಮುಗಿಯಬೇಕು. 1989ರಲ್ಲಿ ಫಲಿತಾಂಶ ಬಂದ ಅಮೆರಿಕದ ಅಧ್ಯಯನದಲ್ಲಿ ಆಪರೇಷನ್ ಆದ ಮೇಲೆ ಮೊದಲ ವಾರ ದಿನಕ್ಕೆ ಎರಡು ಸಲ, ಎರಡನೇ ವಾರ ದಿನಕ್ಕೊಂದು ಸಲ, ಹೀಗೆ 21 ಇಂಜೆಕ್ಷನ್ ಕಣ್ಣಿನ ಪದರದ ಕೆಳಗೆ ಕೊಡುವ ಕ್ರಮ ಇತ್ತು. ಒಂದೊಂದರಲ್ಲಿ 5 ಮಿಲಿಗ್ರಾಂ. ಔಷಧಿ ಕೆಲಸ ಮಾಡಿತು, ಆದರೆ ಕರಿಗುಡ್ಡೆಯ ಮೇಲ್ಪದರ ಕೆತ್ತಿದಂತಾಗಿ ನೋವು, ನೀರು ಸುರಿಯುವುದು ಸಾಮಾನ್ಯವಾಗಿತ್ತು. ಚಿಂಚೋಳಿಯಿಂದಲೋ ಸುರಪುರದಿಂದಲೋ ಬಸ್ಸಿನಲ್ಲಿ ಬರುವವರಿಗೆ ಹೀಗೆ ಎರಡು ವಾರ ದಿನಾ ಬನ್ನಿ ಅನ್ನಲು ಆಗುತ್ತದಾ? ಈಗ ಅದನ್ನು ಬೇಕಾದಾಗ ಬೇಕಾದಷ್ಟೇ ಕೊಡುತ್ತಾರೆ, ಅದಕ್ಕೆ ಮುಂದೆ ಬರುತ್ತೇನೆ.

ಮೈಟೊಮೈಸಿನ್ ಬೇರೆ ಥರ. ಮಣ್ಣಿನ ಒಂದು ಬ್ಯಾಕ್ಟೀರಿಯಾದಿಂದ 1950ರ ದಶಕದಲ್ಲಿ ಜಪಾನಿನಲ್ಲಿ ಕಂಡುಹಿಡಿದದ್ದು. ಹೊಟ್ಟೆಯ ಕ್ಯಾನ್ಸರ್, ಮೂತ್ರಕೋಶದ ಕ್ಯಾನ್ಸರ್‌ಗೆ ಬಳಸುತ್ತಾರೆ. ಜೀವಕೋಶದ ಡಿಎನ್‌ಎ ಎಳೆಗಳನ್ನು ಒಂದಕ್ಕೊಂದು ಬೆಸೆದುಬಿಡುತ್ತದೆ, ಹಾಗಾದರೆ ಕೋಶ ಎರಡಾಗಲು ಬರುವುದಿಲ್ಲ. 1983ರಲ್ಲಿ ತೈವಾನಿನ ಚೆನ್ ಅನ್ನುವ ಡಾಕ್ಟರು ಇದನ್ನು ಗ್ಲಾಕೋಮಾ ಆಪರೇಷನ್‌ನಲ್ಲಿ ಬಳಸಿದ್ದನ್ನು ಪ್ರಕಟಿಸಿದರು, ಆಮೇಲೆ ಎಲ್ಲಾ ಕಡೆ ಹರಡಿತು. ಆಪರೇಷನ್ ನಡೆಯುವಾಗಲೇ ಕೆಲವು ನಿಮಿಷ ಒಂದೇ ಸಲ ತಾಕಿಸಿದರೆ ಸಾಕು, ಪರಿಣಾಮ ಬಹಳ ಕಾಲ ನಿಲ್ಲುತ್ತದೆ. ಇದರ ಶಕ್ತಿ ಇರುವುದು ಇಲ್ಲಿ, ಭಯ ಇರುವುದೂ ಇಲ್ಲೇ. ಒಮ್ಮೆ ತಾಕಿದ ಮೇಲೆ ಆದದ್ದನ್ನು ಹಿಂದಕ್ಕೆ ತರಲು ಆಗುವುದಿಲ್ಲ.

ಈಗ ಸ್ಪಾಂಜ್. ಮೊದಲಿನಿಂದ ನಡೆದು ಬಂದ ರೀತಿ ಇದು. ಡಾಕ್ಟರು ಕಂಜಂಕ್ಟೈವಾವನ್ನು ಕರಿಗುಡ್ಡೆಯ ಅಂಚಿನಲ್ಲಿ ಬಿಡಿಸಿ ಹಿಂದಕ್ಕೆ ಒಂದು ಜೇಬಿನಷ್ಟು ಜಾಗ ಮಾಡಿಕೊಳ್ಳುತ್ತಾರೆ. ನಾನು ಸ್ಪಾಂಜನ್ನು ಕೆಲವೇ ಮಿಲಿಮೀಟರಿನ ತುಂಡುಗಳಾಗಿ ಕತ್ತರಿಸಿ, ಔಷಧಿಯಲ್ಲಿ ನೆನೆಸಿ ಕೊಡುತ್ತೇನೆ. ಔಷಧಿಯ ಬಲ ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 0.2ರಿಂದ 0.4 ಮಿಲಿಗ್ರಾಂ. ಎಷ್ಟು ತುಂಡು ಒಳಗೆ ಹೋಯಿತು ಅಂತ ಜೋರಾಗಿ ಎಣಿಸುತ್ತೇನೆ, ಬೋರ್ಡಿನ ಮೇಲೆ ಬರೆಯುತ್ತೇವೆ. ಕತ್ತರಿಸಿದ ಅಂಚಿಗೆ ಔಷಧಿ ತಾಕಬಾರದು ಅಂತ ಅಂಚನ್ನು ಎತ್ತಿ ಹಿಡಿದಿರುತ್ತಾರೆ, ತಾಕಿದರೆ ಅಲ್ಲಿ ಹೊಲಿಗೆ ಹಾಕಿದ ಜಾಗ ಮಾಯದೆ ಸೋರುತ್ತದೆ. ಆಮೇಲೆ ಗಡಿಯಾರ. ಎರಡು ನಿಮಿಷ, ಮೂರು ನಿಮಿಷ, ರೋಗಿಯ ಕಣ್ಣು ನೋಡಿ ಡಾಕ್ಟರು ಹೇಳಿದಷ್ಟು. ಆ ಹೊತ್ತಿನಲ್ಲಿ ಥಿಯೇಟರ್‌ನಲ್ಲಿ ಯಾರೂ ಮಾತಾಡುವುದಿಲ್ಲ, ನಾನು ಅರ್ಧ ನಿಮಿಷಕ್ಕೊಮ್ಮೆ ಸಮಯ ಕೂಗುತ್ತೇನೆ. ಮುಗಿದ ಕೂಡಲೇ ತುಂಡುಗಳು ಹೊರಗೆ, ಮತ್ತೆ ಎಣಿಕೆ, ಆಮೇಲೆ ಜೇಬನ್ನೆಲ್ಲ ಚೆನ್ನಾಗಿ ತೊಳೆಯುವುದು. ಇಷ್ಟೆಲ್ಲ ಆದ ಮೇಲೆಯೇ ಕಣ್ಣಿನೊಳಗೆ ಕಿಂಡಿ ಮಾಡುವುದು. ಮೈಟೊಮೈಸಿನ್ ಕಣ್ಣಿನ ಒಳಗೆ ಹೋಗಲೇಬಾರದು, ಒಳಪದರಗಳಿಗೆ ಅದು ವಿಷ.

ಮೊದಮೊದಲು ಸ್ಪಾಂಜನ್ನು ಮುಂದುಗಡೆ, ಚಿಕ್ಕ ಜಾಗದಲ್ಲಿ ಇಡುತ್ತಿದ್ದರು. ಅಂಥ ಕಣ್ಣುಗಳಲ್ಲಿ ಔಷಧಿ ತಾಕಿದ ಜಾಗ ರಕ್ತನಾಳವೇ ಇಲ್ಲದೆ ಬೆಳ್ಳಗೆ, ತೆಳ್ಳಗೆ, ಗುಳ್ಳೆಯಂತೆ ಉಬ್ಬುತ್ತಿತ್ತು, ಅದರ ಸುತ್ತ ಗಟ್ಟಿ ನಾರಿನ ಬಳೆ ಕಟ್ಟುತ್ತಿತ್ತು. ತೆಳ್ಳಗಾದ ಗುಳ್ಳೆ ವರ್ಷಗಳ ಮೇಲೆ ಒಡೆದು ಸೋರಬಹುದು, ಸೋಂಕು ಒಳಗೆ ಹೋಗಬಹುದು. ಲಂಡನ್‌ನ ಮೂರ್‌ಫೀಲ್ಡ್ಸ್ ಆಸ್ಪತ್ರೆಯಲ್ಲಿ ಪೆಂಗ್ ಖಾವ್ ಮತ್ತು ಜೊತೆಯವರು ಇದನ್ನು ಬದಲಿಸಿದರು. ತುಂಡುಗಳನ್ನು ಹಿಂದಕ್ಕೆ, ಅಗಲವಾಗಿ ಹರಡಿ ಇಟ್ಟರೆ ನೀರು ಹಿಂದೆ ಹರಿದು ಹೋಗಿ ಬ್ಲೆಬ್ ತಗ್ಗಾಗಿ, ಅಗಲವಾಗಿ ಇರುತ್ತದೆ. ನನಗೆ ಇದು ಬಹಳ ದೊಡ್ಡ ಪಾಠ ಅನಿಸುತ್ತದೆ. ಔಷಧಿ ಅದೇ, ಸ್ಪಾಂಜೂ ಅದೇ. ಎಲ್ಲಿ ಇಟ್ಟರು, ಎಷ್ಟು ಅಗಲಕ್ಕೆ ಇಟ್ಟರು ಅನ್ನುವುದು ಮಾತ್ರ ಬದಲಾಯಿತು.

ಸಮಯವೂ ಹಾಗೇ ಇಳಿಯುತ್ತಾ ಬಂದಿದೆ. ನೀರು ಹೊರಗೆ ಹೋಗಲು ಕಣ್ಣಿಗೆ ಸಣ್ಣ ಟ್ಯೂಬ್ ಇಡುವುದನ್ನೂ ಟ್ರಾಬೆಕ್ಯುಲೆಕ್ಟಮಿಯನ್ನೂ ಹೋಲಿಸಿದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ 0.4 ಮಿಲಿಗ್ರಾಂ ಬಲದ ಔಷಧಿಯನ್ನು 4 ನಿಮಿಷ ಇಟ್ಟಿದ್ದರು. ಅದೇ ತಂಡದ ಮುಂದಿನ ಅಧ್ಯಯನದಲ್ಲಿ ಅದೇ ಬಲಕ್ಕೆ 2 ನಿಮಿಷ. ಆದರೆ ಎರಡನೆಯದರಲ್ಲಿ ಇದ್ದದ್ದು ಮೊದಲು ಆಪರೇಷನ್ ಆಗದ ಕಣ್ಣುಗಳು, ಅದನ್ನೂ ನೆನಪಿಡಬೇಕು.

ಸ್ಪಾಂಜಿನ ಕೊರತೆ ಏನಂದರೆ ಕಣ್ಣಿಗೆ ನಿಜಕ್ಕೂ ಎಷ್ಟು ಔಷಧಿ ಹೋಯಿತು ಅಂತ ಯಾರಿಗೂ ಹೇಳಲು ಬರುವುದಿಲ್ಲ. ತುಂಡಿನ ಅಳತೆ, ಎಷ್ಟು ನೆನೆದಿದೆ, ಇಡುವ ಮೊದಲು ಹಿಂಡಿದರಾ ಇಲ್ಲವಾ, ಎಷ್ಟು ತುಂಡು, ಯಾವ ಬಗೆಯ ಸ್ಪಾಂಜ್, ಎಲ್ಲದರ ಮೇಲೂ ಅದು ನಿಂತಿದೆ. ಒಬ್ಬ ಸಿಸ್ಟರ್ ಕತ್ತರಿಸಿದ ತುಂಡಿಗೂ ಇನ್ನೊಬ್ಬರದ್ದಕ್ಕೂ ವ್ಯತ್ಯಾಸ ಇದ್ದೇ ಇರುತ್ತದೆ. ಸೆಲ್ಯುಲೋಸ್ ಸ್ಪಾಂಜ್ ಆದರೆ ಎಳೆ ಬಿಚ್ಚಿಕೊಂಡು ಚೂರು ಒಳಗೇ ಉಳಿಯುವ ಅಪಾಯ ಬೇರೆ. ಅದಕ್ಕೇ ಚೂರಾಗದೆ ಗಟ್ಟಿ ನಿಲ್ಲುವ ಪಾಲಿವಿನೈಲ್ ಆಲ್ಕೋಹಾಲ್ ಸ್ಪಾಂಜ್ ಇದ್ದರೆ ನನಗೆ ನೆಮ್ಮದಿ.

ಸೂಜಿಯ ರೀತಿಯಲ್ಲಿ ಪದರ ಬಿಡಿಸುವ ಮೊದಲೇ ಔಷಧಿ ಹೋಗುತ್ತದೆ. 1 ಮಿಲಿಲೀಟರ್ ಸಿರಿಂಜ್, 30 ಗೇಜಿನ ತೆಳು ಸೂಜಿ. ಕರಿಗುಡ್ಡೆಯ ಅಂಚಿನಿಂದ ಸುಮಾರು 8 ಮಿಲಿಮೀಟರ್ ಹಿಂದೆ, ಪದರದ ಕೆಳಗೆ 0.1 ಮಿಲಿಲೀಟರ್ ಬಿಡುತ್ತಾರೆ. ಕೆಲವರು ಮರವಟ್ಟಿಸುವ ಔಷಧಿಯ ಜೊತೆ ಬೆರೆಸಿ ಕೊಡುತ್ತಾರೆ. ಒಂದು ಚಿಕ್ಕ ಉಬ್ಬು ಏಳುತ್ತದೆ, ಅದನ್ನು ಒದ್ದೆ ಸ್ಪಾಂಜಿನಿಂದ ಮೆಲ್ಲಗೆ ಒತ್ತಿ, ಹಿಂದಕ್ಕೂ ಪಕ್ಕಕ್ಕೂ ಹರಡುತ್ತಾರೆ. ಕರಿಗುಡ್ಡೆಯ ಕಡೆಗೆ ಬರಗೊಡುವುದಿಲ್ಲ. ಆಮೇಲೆ ಪದರ ಬಿಡಿಸಿ, ತೊಳೆದು, ಮುಂದಿನ ಕೆಲಸ.

ಇಲ್ಲಿ ಲೆಕ್ಕ ಸಲೀಸು. ಮಿಲಿಲೀಟರಿಗೆ 0.1 ಮಿಲಿಗ್ರಾಂ ಇರುವ ಔಷಧಿಯ 0.1 ಮಿಲಿಲೀಟರ್ ಅಂದರೆ 10 ಮೈಕ್ರೊಗ್ರಾಂ. ಬಲ 0.2 ಆದರೆ 20 ಮೈಕ್ರೊಗ್ರಾಂ. ಯಾರು ಕೊಟ್ಟರೂ ಅಷ್ಟೇ. ಎಣಿಸಲು ತುಂಡುಗಳಿಲ್ಲ, ಒಳಗೆ ಏನೂ ಉಳಿಯುವುದಿಲ್ಲ, ಕಾಯುವ ಸಮಯವೂ ಉಳಿಯುತ್ತದೆ. ಪದರವನ್ನು ಬಿಡಿಸದೆ ಒಳಗಿನಿಂದಲೇ ಸಣ್ಣ ಜೆಲ್ ಕೊಳವೆ ಇಡುವ ಹೊಸ ಆಪರೇಷನ್‌ಗಳು ಬಂದ ಮೇಲಂತೂ ಸೂಜಿಯ ರೀತಿ ಇನ್ನೂ ಹರಡಿತು, ಅಲ್ಲಿ ಸ್ಪಾಂಜ್ ಇಡಲು ಜಾಗವೇ ಇರುವುದಿಲ್ಲವಲ್ಲ. ಆ ಕೊಳವೆಗಳ ಬೆಲೆ ನಮ್ಮ ಕಡೆಯ ಹೆಚ್ಚಿನ ಮನೆಗಳಿಗೆ ಎಟುಕುವುದಿಲ್ಲ, ಆ ಮಾತು ಬೇರೆ.

ಆದರೆ ಸ್ಪಾಂಜನ್ನು ಹೊರಗೆ ತೆಗೆಯಬಹುದು, ಬಿಟ್ಟ ಔಷಧಿಯನ್ನು ಪೂರ್ತಿ ವಾಪಸ್ ಎಳೆಯಲು ಆಗುವುದಿಲ್ಲ. ಆಮೇಲೆ ತೊಳೆದರೂ ಅಂಗಾಂಶ ಹೀರಿಕೊಂಡದ್ದು ಹೀರಿಕೊಂಡಿತು. ಅದು ಎಲ್ಲಿಗೆ ಹರಡುತ್ತದೆ ಅನ್ನುವುದೂ ಪೂರ್ತಿ ಕೈಯಲ್ಲಿಲ್ಲ. ಮೊದಲೇ ಆಪರೇಷನ್ ಆಗಿ ಪದರ ಅಂಟಿಕೊಂಡಿದ್ದರೆ ಔಷಧಿ ಸಮನಾಗಿ ಹರಡದೆ, ಸಡಿಲ ಇರುವ ಕಡೆಗೆ ನುಗ್ಗುತ್ತದೆ. ಇದನ್ನು ಪರದೆಯಲ್ಲಿ ಕಣ್ಣಾರೆ ನೋಡಿದ್ದೇನೆ. ಸೂಜಿ ರಕ್ತನಾಳಕ್ಕೆ ತಾಕಿದರೆ ಅಲ್ಲೇ ರಕ್ತ ಹರಡಿ ಕೆಂಪಾಗುತ್ತದೆ, ರಕ್ತ ಇದ್ದ ಕಡೆ ನಾರು ಬೆಳೆಯುವುದು ಜಾಸ್ತಿ. ಕಣ್ಣಿನ ಗೋಡೆಗೆ ಸೂಜಿ ಚುಚ್ಚುವ ಅಪಾಯ ಅಪರೂಪ, ಆದರೆ ಇಲ್ಲ ಅನ್ನಲು ಬರುವುದಿಲ್ಲ.

ಹಾಗಾದರೆ ಯಾವುದು ಒಳ್ಳೆಯದು? ಎರಡನ್ನೂ ಎದುರುಬದುರು ಇಟ್ಟು ನೋಡಿದ ಅಧ್ಯಯನಗಳಿವೆ. 2017ರಲ್ಲಿ ಪ್ರಕಟವಾದ ಇರಾನಿನ ಹೋಲಿಕೆಯಲ್ಲಿ ಚೀಟಿ ಎತ್ತಿದಂತೆ ಕೆಲವರಿಗೆ ಸೂಜಿ, ಕೆಲವರಿಗೆ ಸ್ಪಾಂಜ್ ಕೊಟ್ಟು ನೋಡಿದರು. ಕಣ್ಣಿನ ಒತ್ತಡ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಥರ ಇಳಿಯಿತು. ಬ್ಲೆಬ್‌ನ ಆಕಾರ ಮಾತ್ರ ಸೂಜಿಯ ಗುಂಪಿನಲ್ಲಿ ಒಳ್ಳೆಯದಿತ್ತು, ಹೆಚ್ಚು ಹರಡಿಕೊಂಡು ತಗ್ಗಾಗಿತ್ತು. ನಮ್ಮ ದೇಶದಲ್ಲೂ ಇಂಥ ಹೋಲಿಕೆ ನಡೆದಿದೆ, ಅಲ್ಲೂ ಒಂದು ವರ್ಷದ ಹೊತ್ತಿಗೆ ಒತ್ತಡದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ.

ಇದನ್ನು ಓದುವಾಗ ನನಗೆ ಎರಡು ಮಾತು ಹೊಳೆಯುತ್ತವೆ. ಒಂದು, ಎರಡು ಗುಂಪಿಗೂ ಹೋದ ಔಷಧಿಯ ಪ್ರಮಾಣ ಒಂದೇ ಅಲ್ಲ. ಸ್ಪಾಂಜಿನಲ್ಲಿ ಬಲ ಇಷ್ಟು, ನಿಮಿಷ ಇಷ್ಟು ಅನ್ನುತ್ತೇವೆ. ಸೂಜಿಯಲ್ಲಿ ಮೈಕ್ರೊಗ್ರಾಂ ಇಷ್ಟು ಅನ್ನುತ್ತೇವೆ. ಅಳೆಯುವ ಕೋಲೇ ಬೇರೆ. ಸೂಜಿಯ ಗುಂಪಿನಲ್ಲಿ ಬ್ಲೆಬ್ ಚೆನ್ನಾಗಿ ಬಂದಿದ್ದರೆ ಅದು ಸೂಜಿಯ ಗುಣವೋ, ಔಷಧಿ ಹಿಂದೆ ಅಗಲವಾಗಿ ಹರಡಿದ ಗುಣವೋ? ಹಿಂದೆ ಅಗಲವಾಗಿ ಇಟ್ಟ ಸ್ಪಾಂಜೂ ಅದೇ ಕೆಲಸ ಮಾಡುತ್ತದಲ್ಲ. ಎರಡನೆಯದು, ಒಂದು ವರ್ಷ, ಮೂರು ವರ್ಷದ ಹೋಲಿಕೆಯಲ್ಲಿ ಒತ್ತಡ ಅಳೆಯಬಹುದು. ನಾವು ನಿಜವಾಗಿ ಹೆದರುವುದು ಐದಾರು ವರ್ಷ, ಹತ್ತು ವರ್ಷದ ಮೇಲೆ ತೆಳ್ಳಗಾದ ಬ್ಲೆಬ್‌ಗೆ ಸೋಂಕು ತಗಲುವುದಕ್ಕೆ. ಅದು ಅಪರೂಪಕ್ಕೆ ಆಗುವಂಥದ್ದು. ಚಿಕ್ಕ ಗುಂಪುಗಳಲ್ಲಿ, ಚಿಕ್ಕ ಅವಧಿಯಲ್ಲಿ ಅದರ ವ್ಯತ್ಯಾಸ ಗೊತ್ತಾಗುವುದೇ ಇಲ್ಲ.

ನನ್ನ ಒಲವು ಕೇಳಿದರೆ, ಮೊದಲ ಸಲ ಆಪರೇಷನ್ ಆಗುವ ಕಣ್ಣಿಗೆ ಸೂಜಿಯ ರೀತಿ ನನಗೆ ಇಷ್ಟ, ಅಳತೆ ಖಚಿತ ಅನ್ನುವ ಕಾರಣಕ್ಕೆ. ಪದರ ಅಂಟಿಕೊಂಡ ಕಣ್ಣಿಗೆ ತೆರೆದು, ನೋಡಿ, ಬೇಕಾದ ಜಾಗಕ್ಕೇ ಇಡುವ ಸ್ಪಾಂಜ್ ಸರಿ ಅನಿಸುತ್ತದೆ. ಆದರೆ ನಾಳೆ ನಮ್ಮ ಅವ್ವನಿಗೆ ಈ ಆಪರೇಷನ್ ಆಗಬೇಕಾದರೆ ನಾನು ಡಾಕ್ಟರನ್ನು ಕೇಳುವುದು “ನೀವು ಯಾವುದನ್ನ ಜಾಸ್ತಿ ಮಾಡ್ತೀರಿ ಸರ್?” ಅಂತ ಮಾತ್ರ. ಅವರ ಕೈಗೆ ಪಳಗಿದ್ದನ್ನೇ ಮಾಡಲಿ. ಸ್ಪಾಂಜಿನಲ್ಲಿ ಪಳಗಿದ ಕೈಯಿಂದ ಸೂಜಿ ಮಾಡಿಸಬೇಕು ಅಂತ ಹಟ ಹಿಡಿಯುವುದು ನನಗೆ ಒಪ್ಪಿಗೆ ಇಲ್ಲ.

ಯಾವ ರೀತಿಯಾದರೂ ಒಂದು ಕಡೆ ಎಚ್ಚರ ತಪ್ಪಲೇಬಾರದು, ಅದು ಕಲಸುವ ಮೇಜು. ಇದು ನನ್ನ ಜಾಗ, ಅದಕ್ಕೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಔಷಧಿ ಪುಡಿಯಾಗಿ ಬರುತ್ತದೆ, ನೀರು ಬೆರೆಸಿದರೆ ನೀಲಿ ನೇರಳೆ ಬಣ್ಣ. 2 ಮಿಲಿಗ್ರಾಂ ಇರುವ ಬಾಟಲಿಗೆ 10 ಮಿಲಿಲೀಟರ್ ಬೆರೆಸಿದರೆ ಮಿಲಿಲೀಟರಿಗೆ 0.2, 5 ಬೆರೆಸಿದರೆ 0.4. ಆದರೆ ಅದೇ ಕಂಪನಿಯ 10 ಮಿಲಿಗ್ರಾಂ ಬಾಟಲಿಯೂ ಕಪಾಟಿನಲ್ಲಿ ಇರಬಹುದು, ಅದಕ್ಕೆ ಅಷ್ಟೇ ನೀರು ಹಾಕಿದರೆ ಐದು ಪಟ್ಟು ಬಲ. ಇನ್ನೊಂದು, ಮಿಲಿಲೀಟರಿಗೆ 0.2 ಮಿಲಿಗ್ರಾಂ ಅಂದರೆ 0.02 ಪರ್ಸೆಂಟ್. ಒಬ್ಬರು ಮಿಲಿಗ್ರಾಂನಲ್ಲಿ ಹೇಳಿ ಇನ್ನೊಬ್ಬರು ಪರ್ಸೆಂಟ್‌ನಲ್ಲಿ ಕೇಳಿಸಿಕೊಂಡರೆ ಹತ್ತು ಪಟ್ಟು ಹೆಚ್ಚುಕಡಿಮೆ ಆಗುತ್ತದೆ. ಅದಕ್ಕೇ ನಮ್ಮಲ್ಲಿ ಬಾಯಿಮಾತಿಗೆ ಜಾಗವೇ ಇಲ್ಲ. ಬಿಳಿ ಪಟ್ಟಿಯ ಮೇಲೆ ಮಿಲಿಗ್ರಾಂನಲ್ಲಿ ಬರೆಯುತ್ತೇವೆ, ಇಬ್ಬರು ಓದಿ ನೋಡುತ್ತೇವೆ, ಆ ಸಿರಿಂಜನ್ನು ಬೇರೆ ಸಿರಿಂಜಿನ ಜೊತೆ ಇಡುವುದಿಲ್ಲ. ಮೈಟೊಮೈಸಿನ್ ತಾಕಿದ ಚಿಮಟ, ಕತ್ತರಿ ಪಕ್ಕಕ್ಕೆ ಹೋಗುತ್ತವೆ, ಕೈಗವಸು ಬದಲಾಗುತ್ತದೆ. ಉಳಿದ ಔಷಧಿ, ಸ್ಪಾಂಜ್ ಎಲ್ಲವೂ ಬೇರೆಯಾಗಿ ಗುರುತು ಹಾಕಿದ ಹಳದಿ ಚೀಲಕ್ಕೆ, 2016ರ ಆಸ್ಪತ್ರೆ ಕಸದ ನಿಯಮವೂ ಅದನ್ನೇ ಹೇಳುತ್ತದೆ. ಗರ್ಭಿಣಿಯರಾದ ನಮ್ಮ ಜೊತೆಯವರನ್ನು ಈ ಮೇಜಿನ ಹತ್ತಿರ ಬಿಡುವುದಿಲ್ಲ. ಹೊಸದಾಗಿ ಬಂದ ಹುಡುಗಿಯರಿಗೆ ಇದನ್ನೆಲ್ಲ ಕೈ ಹಿಡಿದು ಕಲಿಸಬೇಕು. ಔಷಧಿ ಕಣ್ಣಿಗೆ ಹೋಗುವ ಪ್ರಮಾಣ ಎಷ್ಟು ಚಿಕ್ಕದೋ ತಪ್ಪಿನ ಬೆಲೆ ಅಷ್ಟು ದೊಡ್ಡದು.

ಔಷಧಿ ಜಾಸ್ತಿಯಾದರೆ ಆಗುವುದೇನು? ಬ್ಲೆಬ್ ತೀರಾ ತೆಳ್ಳಗಾಗಿ ಸೋರುತ್ತದೆ. ಕಣ್ಣಿನ ಒತ್ತಡ ತೀರಾ ಇಳಿದು ಹಿಂದಿನ ಪದರ ಸುಕ್ಕಾಗಿ ದೃಷ್ಟಿ ಮಂಜಾಗುತ್ತದೆ. ಕಡಿಮೆಯಾದರೆ ದಾರಿ ಮುಚ್ಚಿ ಒತ್ತಡ ಮತ್ತೆ ಏರುತ್ತದೆ. ಹಾಗಾಗಿ ಎಲ್ಲರಿಗೂ ಒಂದೇ ಲೆಕ್ಕ ನಡೆಯುವುದಿಲ್ಲ. 70 ದಾಟಿದ, ಪದರ ತೆಳ್ಳಗಿರುವ ಆಯಿಗೆ ಕೊಡುವಷ್ಟೇ 30ರ ಹುಡುಗನಿಗೆ ಕೊಟ್ಟರೆ ಅವನಿಗೆ ಸಾಲುವುದಿಲ್ಲ.

ಆಪರೇಷನ್ ಮುಗಿದ ಮೇಲಿನ ಆರೆಂಟು ವಾರಗಳ ಬಗ್ಗೆ ಜನ ಕೇಳುವುದೇ ಇಲ್ಲ, ನನ್ನ ಪ್ರಕಾರ ಅರ್ಧ ಫಲಿತಾಂಶ ಅಲ್ಲೇ ಇದೆ. ನಾರು ಬೆಳೆಯುವುದು ಆ ವಾರಗಳಲ್ಲೇ. ಸ್ಟೀರಾಯ್ಡ್ ಡ್ರಾಪ್ಸ್ ಶುರುವಿನಲ್ಲಿ ಒಂದೆರಡು ಗಂಟೆಗೊಮ್ಮೆ ಹಾಕಬೇಕಾಗುತ್ತದೆ, ವಾರಗಟ್ಟಲೆ ನಿಧಾನವಾಗಿ ಇಳಿಸುತ್ತಾರೆ. “ಕಣ್ಣ್ ಕೆಂಪ್ ಇಲ್ಲಲ್ರಿ, ಅದಕ್ಕ ಬಿಟ್ಟೀವಿ” ಅಂತ ಅರ್ಧಕ್ಕೆ ನಿಲ್ಲಿಸುವವರು ಬಹಳ. ಮೈಟೊಮೈಸಿನ್ ಮಾಡಿದ ಕೆಲಸವನ್ನು ಹಾಗೆ ಕೈಯಾರೆ ಕೆಡಿಸಿದಂತೆ. ಒತ್ತಡ ಏರುತ್ತಿದೆ ಅನಿಸಿದರೆ ಡಾಕ್ಟರು ಮುಚ್ಚಳದ ಹೊಲಿಗೆಯನ್ನು ಲೇಸರ್‌ನಿಂದ ಕತ್ತರಿಸುತ್ತಾರೆ, ಇಲ್ಲವೇ ಮೊದಲೇ ಬಿಟ್ಟಿದ್ದ ಎಳೆಯನ್ನು ಎಳೆದು ಬಿಚ್ಚುತ್ತಾರೆ. ಬ್ಲೆಬ್ ಗಟ್ಟಿಯಾಗುತ್ತಿದ್ದರೆ ಸೂಜಿಯಿಂದ ನಾರು ಬಿಡಿಸಿ, ಮೇಲೆ ಹೇಳಿದ ಫ್ಲೋರೊಯುರಾಸಿಲ್ ಕೊಡುತ್ತಾರೆ. 21 ಬೇಕಿಲ್ಲ, ಕೆಲವರಿಗೆ ಒಂದೆರಡೇ ಸಾಕಾಗುತ್ತದೆ. ಆದರೆ ಇದೆಲ್ಲ ಆಗಬೇಕಾದರೆ ರೋಗಿ ಸರಿಯಾದ ದಿನ ಎದುರಿಗೆ ಕೂತಿರಬೇಕು. ಎರಡು ತಿಂಗಳು ಬಿಟ್ಟು ಬಂದರೆ ಬಿಚ್ಚಲು ಏನೂ ಉಳಿದಿರುವುದಿಲ್ಲ.

ತೊಗರಿ ರಾಶಿಯ ಕಾಲದಲ್ಲಿ, ಅಂದರೆ ಡಿಸೆಂಬರ್ ಜನವರಿಯಲ್ಲಿ, ಇದು ನಮಗೆ ದೊಡ್ಡ ತಲೆನೋವು. ಆಪರೇಷನ್ ಆಗಿ ವಾರ ಕಳೆದಿರುವುದಿಲ್ಲ, ರಾಶಿ ಮಾಡಲು ಹೊಲಕ್ಕೆ ಹೋಗಿರುತ್ತಾರೆ. ಹೊಟ್ಟಿನ ಧೂಳು, ಬೆವರು, ಕೈ ಸೀದಾ ಕಣ್ಣಿಗೆ. ಆಗುವುದಾದರೆ ರಾಶಿ ಮುಗಿಸಿಕೊಂಡು ದಿನ ಹಿಡಿಯಿರಿ ಅಂತ ನಾನೇ ಹೇಳುತ್ತೇನೆ, ಪ್ರೆಷರ್ ತಡೆಯುವಷ್ಟಿದ್ದರೆ ಮಾತ್ರ. ಇಲ್ಲವಾದರೆ ಕಣ್ಣು ಮೊದಲು, ರಾಶಿಗೆ ಮನೆಯ ಬೇರೆಯವರು ಹೋಗಲಿ. ಸುರ್ಮಾ, ಕಾಡಿಗೆ ಬೇಡ. ಸೊಪ್ಪಿನ ರಸ ಹಿಂಡುವುದು ಬೇಡವೇ ಬೇಡ. ಕೆರೆ, ಬಾವಿಯಲ್ಲಿ ಮುಳುಗುವುದೂ ಬೇಡ. ಇವು ಬರೀ ಒಂದು ತಿಂಗಳ ಮಾತಲ್ಲ. ಮೈಟೊಮೈಸಿನ್ ಬಿದ್ದ ಬ್ಲೆಬ್‌ಗೆ ಸೋಂಕು ಎಷ್ಟೋ ವರ್ಷದ ಮೇಲೂ ತಗಲಬಹುದು. ಕಣ್ಣು ಕೆಂಪಾಗಿ, ನೋವು ಬಂದು, ಪಿಚ್ಚು ಕಟ್ಟಿ, ದೃಷ್ಟಿ ಮಂಜಾದರೆ ಅವತ್ತೇ ಆಸ್ಪತ್ರೆಗೆ ಬರಬೇಕು. ನಾಳೆ ಸಂತೆಗೆ ಬರುವಾಗ ತೋರಿಸೋಣ ಅಂದರೆ ಕಣ್ಣೇ ಹೋಗಬಹುದು. ಮೆಡಿಕಲ್ ಅಂಗಡಿಯಿಂದ ಡ್ರಾಪ್ಸ್ ತಂದು ಹಾಕಿ ಕಾಯುವುದೂ ಅಷ್ಟೇ ಅಪಾಯ.

ಜೇವರ್ಗಿಯ ಮುತ್ಯಾ ಮುಂದಿನ ವಾರ ವಾಪಸ್ ಬಂದರು, ಆಪರೇಷನ್ ಆಯಿತು, ಸ್ಪಾಂಜಿನಲ್ಲೇ. ಮೊಮ್ಮಗನಿಗೆ ನಾನು ಒಂದು ಕೆಲಸ ಹೇಳಿದೆ, ನಿಮಗೂ ಅದನ್ನೇ ಹೇಳುತ್ತೇನೆ. ನಮ್ಮ ಕಡೆ ಜನ ಇವತ್ತು ಕಲಬುರಗಿ, ನಾಳೆ ಸೊಲ್ಲಾಪುರ, ಆಮೇಲೆ ಹೈದರಾಬಾದ್ ಅಂತ ತಿರುಗುತ್ತಾರೆ. ಮುಂದೆ ನೋಡುವ ಡಾಕ್ಟರಿಗೆ ಈ ಕಣ್ಣಿಗೆ ಯಾವ ಔಷಧಿ, ಎಷ್ಟು, ಹೇಗೆ ಹೋಗಿದೆ ಅಂತ ಗೊತ್ತಾಗದಿದ್ದರೆ ಅವರು ಊಹೆಯ ಮೇಲೆ ನಡೆಯಬೇಕಾಗುತ್ತದೆ. ಡಿಸ್ಚಾರ್ಜ್ ಚೀಟಿಯಲ್ಲಿ ಎಷ್ಟೋ ಸಲ “ಟ್ರಾಬೆಕ್ಯುಲೆಕ್ಟಮಿ ಆಗಿದೆ” ಅಂತ ಇಷ್ಟೇ ಇರುತ್ತದೆ. ಅದು ಸಾಲದು. ಮನೆಗೆ ಹೊರಡುವ ಮೊದಲು ಕೇಳಿ ಬರೆಸಿಕೊಳ್ಳಿ, ಫೋಟೊ ತೆಗೆದು ಮೊಬೈಲ್‌ನಲ್ಲೂ ಇಟ್ಟುಕೊಳ್ಳಿ. ಕೇಳಲು ಸಂಕೋಚ ಬೇಡ, ಯಾವ ಒಳ್ಳೆಯ ಡಾಕ್ಟರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಸ್ಪಾಂಜ್ ಆದರೆ ಹೀಗೆ ಇರಬೇಕು: ಯಾವ ಕಣ್ಣು, ತಾರೀಖು, ಮೈಟೊಮೈಸಿನ್ ಮಿಲಿಲೀಟರಿಗೆ 0.2 ಮಿಲಿಗ್ರಾಂ, ಸ್ಪಾಂಜ್, 2 ನಿಮಿಷ, ಇಟ್ಟ ತುಂಡು ಎಷ್ಟು, ತೆಗೆದ ತುಂಡು ಎಷ್ಟು. ಸೂಜಿ ಆದರೆ ಸ್ಪಾಂಜ್ ಇರುವಲ್ಲಿ ಇಂಜೆಕ್ಷನ್, ನಿಮಿಷ ಇರುವಲ್ಲಿ ಒಟ್ಟು ಎಷ್ಟು ಮೈಕ್ರೊಗ್ರಾಂ. ಬಿಚ್ಚಬೇಕಾದ ಹೊಲಿಗೆ ಉಳಿದಿದೆಯಾ ಅನ್ನುವುದನ್ನೂ ಕೆಳಗೆ ಒಂದು ಸಾಲು ಹಾಕಿಸಿ.